ಗ್ರಾಹಕ ಅಂದ್ರ ಗಿರಾಕಿ

ಫಾರ್ಮಾಲಿನ್ ವಾಸನೆ ಮೂಗಿಗೆ ಬಡಿದರೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ. ಮೊನ್ನೆ ಹಿರೇಕೆರೂರಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯ ಕಪಾಟಿನ ಬಾಗಿಲು ತೆಗೆದೆ. ಕಪ್ಪೆಯನ್ನು ಮುಳುಗಿಸಿಟ್ಟಿದ್ದ ಗಾಜಿನ ಭರಣಿಯೊಂದರ ಮುಚ್ಚಳ ಸಡಿಲಾಗಿತ್ತು. ವಾಸನೆ ಗಪ್ಪನೆ ಎದ್ದು ಬಂತು. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಬ್ಬರೇ, ಶಿಗ್ಗಾಂವಿಯಲ್ಲಿ ಪಿಯುಸಿಗೆ ಜೀವಶಾಸ್ತ್ರ ಕಲಿಸಿದ ಸರ್. ಅವರ ಬೆರಳು, ಅಂಗಿಯ ತೋಳು, ಕೈಯಲ್ಲಿ ಹಿಡಿದ ಸೀಮೆಸುಣ್ಣ ಕೂಡ ಅದೇ ವಾಸನೆ ಹೊಡೆಯುತ್ತಿದ್ದವು.

ಅವರು ತೀರಿಕೊಂಡ ಸುದ್ದಿ ಆಗಷ್ಟೇ ಬಂದಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ಸಹೋದ್ಯೋಗಿಯೊಬ್ಬರು ಹತ್ತಿರ ಬಂದು, ಗುರುಗಳನ್ನು ನೆನೆಸಿಕೊಂಡಿರಾ ಎಂದು ಮೆತ್ತಗೆ ಕೇಳಿದರು. ಹೌದು, ನೆನೆಸಿಕೊಂಡಿದ್ದೆ. ಆದರೆ ಕಣ್ಣೀರು ಫಾರ್ಮಾಲಿನ್ನಿನದು. ಅವರಿಗಾಗಿ ನಾನು ಒಂದು ಹನಿಯನ್ನೂ ಕೆಡವಿಲ್ಲ. ಈ ಬರಹದಲ್ಲಿ ‘ಅವರು’ ಎಂದು ಬಹುವಚನ ಹಾಕುತ್ತಿರುವುದು ರೂಢಿಗೆ, ಮರ್ಯಾದೆಗಲ್ಲ.

ಶಿಗ್ಗಾಂವಿಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಅವರ ವಿಷಯವನ್ನೇ ಓದಿ ಅದನ್ನೇ ಕಲಿಸುತ್ತಿರುವವಳು ನಾನೊಬ್ಬಳೇ, ಹಾಗಾಗಿ ನಾನು ನಾಲ್ಕು ಒಳ್ಳೆಯ ಮಾತು ಆಡಲೇಬೇಕಂತೆ. ಬರುತ್ತೇನೆ ಎಂದು ಒಪ್ಪಿಕೊಂಡೆ. ಒಳ್ಳೆಯ ಮಾತಿನ ಬಗ್ಗೆ ಏನೂ ಹೇಳಲಿಲ್ಲ.

ಅವರು ಹೇಗಿದ್ದರು ಎಂದು ಮೊದಲು ಹೇಳಬೇಕು. ಎತ್ತರದ ಆಳು. ಬೇಸಿಗೆಯಲ್ಲೂ ತುಂಬುತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಬಣ್ಣಬಣ್ಣದ ಸೀಮೆಸುಣ್ಣ. ಧಾರವಾಡದಲ್ಲಿ ಓದಿದವರು. ಅಲ್ಲೇ ಸಂಶೋಧನೆ ಮಾಡಬೇಕೆಂದಿದ್ದರಂತೆ, ಏನೋ ತಪ್ಪಿಹೋಗಿ ನಮ್ಮ ಕಡೆ ಬಂದು ಬಿದ್ದರಂತೆ. ಈ ಕತೆಯನ್ನು ಊರೆಲ್ಲ ಅನುಕಂಪದಿಂದ ಹೇಳುತ್ತಿತ್ತು. ಅಂಥ ವಿದ್ವಾಂಸ ಇಂಥ ಊರಿನಲ್ಲಿ ಕೊಳೆಯಬೇಕಾಯಿತಲ್ಲ ಎಂದು. ಕೊಳೆತದ್ದು ಅವರಾದರೆ ಆ ನಾತ ಕುಡಿದವರು ನಾವು. ನಮ್ಮ ಬಗ್ಗೆ ಯಾರೂ ಅಯ್ಯೋ ಅನ್ನಲಿಲ್ಲ.

ಚಿತ್ರ ಮಾತ್ರ ಚೆಂದ ಬಿಡಿಸುತ್ತಿದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೃದಯ, ಮೂತ್ರಪಿಂಡ, ಹೂವಿನ ಅಂಡಾಶಯ ಎಲ್ಲವೂ ಕಪ್ಪು ಹಲಗೆಯ ಮೇಲೆ ಜೀವ ತಳೆದು ಕೂರುತ್ತಿದ್ದವು. ಗಂಟೆ ಬಾರಿಸಿದ ಮೇಲೂ ಯಾರೂ ಅಳಿಸುತ್ತಿರಲಿಲ್ಲ, ಮುಂದಿನ ತರಗತಿಯ ಗಣಿತದ ಮೇಡಂ ಕೂಡ ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು ಲೆಕ್ಕ ಬರೆಯುತ್ತಿದ್ದರು.

ವರ್ಷದ ಮೊದಲ ದಿನ ಅವರು ಬಿಡಿಸಿದ್ದು ಥೈಮಸ್ ಗ್ರಂಥಿಯನ್ನು. ಪಾಠದ ಸರದಿಯಲ್ಲಿ ಅದು ಎಷ್ಟೋ ಮುಂದಿತ್ತು, ಆದರೂ ಪ್ರತಿವರ್ಷ ಅದರಿಂದಲೇ ಶುರುಮಾಡುವುದು ಅವರ ಪದ್ಧತಿ. ಎದೆಯ ಮೂಳೆಯ ಹಿಂದೆ, ಹೃದಯದ ಮೇಲುಭಾಗದಲ್ಲಿ ಎರಡು ಎಲೆ ಜೋಡಿಸಿಟ್ಟಂಥ ಗ್ರಂಥಿ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಜೀವಕೋಶಗಳು ಅಲ್ಲಿಗೆ ಬಂದು ಬೆಳೆದು, ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳಾಗುತ್ತವೆ. ಆದರೆ ಹೊರಗೆ ಹೋಗುವ ಮುನ್ನ ಪರೀಕ್ಷೆ. ಥೈಮಸ್ಸು ದೇಹದ ಸ್ವಂತ ವಸ್ತುಗಳ ಚೂರುಗಳನ್ನು ಎತ್ತಿ ತೋರಿಸುತ್ತದೆ. ಏನನ್ನೂ ಗುರುತಿಸಲಾಗದ ಕೋಶ ಉಪಯೋಗವಿಲ್ಲವೆಂದು ಸಾಯುತ್ತದೆ. ನಮ್ಮದೇ ದೇಹದ ವಸ್ತುವನ್ನು ಶತ್ರುವೆಂಬಂತೆ ಬಿಗಿಯಾಗಿ ಹಿಡಿದುಕೊಳ್ಳುವ ಕೋಶ ಅಪಾಯವೆಂದು ಸಾಯುತ್ತದೆ. ಹದವಾಗಿ ಮುಟ್ಟಿ ಬಿಡುವ ಕೆಲವಷ್ಟೇ ಬದುಕಿ ಹೊರಗೆ ಬರುತ್ತವೆ.

ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದರು.

“ಇದು ಕಾಲೇಜ್ ಅಲ್ಲ, ಥೈಮಸ್. ಒಳಗ ಬಂದವ್ರೆಲ್ಲಾ ಹೊರಗ ಹೋಗಂಗಿಲ್ಲ. ಹೆಚ್ಚಿನವ್ರು ಇಲ್ಲೇ ಸಾಯಾವ್ರು.”

ಹುಡುಗರು ನಕ್ಕರು. ನಾನೂ ನಕ್ಕೆ. ಮೊದಲ ದಿನ ಎಲ್ಲರೂ ನಗುತ್ತಾರೆ, ಸಾಯುವವರು ಬೇರೆ ಯಾರೋ ಎಂದುಕೊಂಡು.

ನಾನು ಸವಣೂರಿನವಳು. ಅಬ್ಬಾನದು ಬಜಾರಿನಲ್ಲಿ ಖಾರದ ಅಂಗಡಿ, ಸೇವು ಚೂಡಾದಂಥ ಕರಿದ ತಿಂಡಿಯದು, ಬೆಳಿಗ್ಗೆಯಿಂದ ಎಣ್ಣೆಯ ಬಾಣಲೆ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಹತ್ತನೆಯವರೆಗೆ ಕನ್ನಡದಲ್ಲೇ ಓದಿ ಒಮ್ಮೆಲೇ ಇಂಗ್ಲಿಷಿನ ವಿಜ್ಞಾನಕ್ಕೆ ಬಿದ್ದವಳು. ದಿನಾ ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗಿ ಬರುತ್ತಿದ್ದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಹಿರೇಬೆಂಡಿಗೇರಿಯ ಹುಡುಗಿ. ಅವಳೂ ಕನ್ನಡದಲ್ಲಿ ಓದಿ ಬಂದವಳೇ. ಅವಳಪ್ಪ ಮನೆ ಕಟ್ಟುವ ಗೌಂಡಿ ಕೆಲಸದವನು, ಮಳೆಗಾಲದಲ್ಲಿ ಹೊಲದ ಕೂಲಿ. ಅವರ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ವಿಜ್ಞಾನ ಓದಿ ನರ್ಸ್ ಆಗಬೇಕು ಎಂಬುದು ಅಪ್ಪನ ಆಸೆ, ನರ್ಸಿಗಿಂತ ಒಂದು ಕೈ ಮೇಲೆ ಏನಾದರೂ ಆಗಬೇಕು ಎಂಬುದು ಅವಳದು. ಏನು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. “ಅದ ಹೆಂಗ ನಡೀತೈತಿ ಅಂತ ನೋಡೂದು ಇರ್ತೈತಲ್ಲ, ಅದು,” ಎನ್ನುತ್ತಿದ್ದಳು. ಅದಕ್ಕೆ ಸಂಶೋಧನೆ ಅನ್ನುತ್ತಾರೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ನಾನು ಡಬ್ಬಿಯಲ್ಲಿ ಖಾರ ತರುತ್ತಿದ್ದೆ, ಅವಳು ರೊಟ್ಟಿ ಮತ್ತು ಪುಂಡಿಪಲ್ಯ. ಊಟದ ಹೊತ್ತಿನಲ್ಲೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಹಲ್ಲಿಯ ಬಾಲ ಮತ್ತೆ ಚಿಗುರುವಾಗ ಅದಕ್ಕೆ ಎಷ್ಟು ಉದ್ದ ಬೆಳೆಯಬೇಕೆಂದು ಹೇಗೆ ತಿಳಿಯುತ್ತದೆ? ಗಾಯ ಆರಿದ ಮೇಲೆ ಚರ್ಮಕ್ಕೆ ಬೆಳೆಯುವುದನ್ನು ನಿಲ್ಲಿಸು ಎಂದು ಹೇಳುವವರು ಯಾರು? ನನಗೆ ತಲೆನೋವು ಬರುತ್ತಿತ್ತು. ಉಣ್ಣಾಕ ಬಿಡ ಮಾರಾಯ್ತಿ ಅನ್ನುತ್ತಿದ್ದೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಸರ್ ಜೀವಕೋಶದ ಹೊರಪೊರೆಯ ಪಾಠ ಮಾಡುತ್ತಿದ್ದರು. ಪೊರೆಯ ಮೇಲೆ ‘ರಿಸೆಪ್ಟರ್’ ಎಂಬವು ಇರುತ್ತವೆ, ಹೊರಗಿನ ವಸ್ತು ಬಂದು ಅವುಗಳಿಗೆ ಅಂಟಿಕೊಂಡರೆ ಕೋಶಕ್ಕೆ ಸುದ್ದಿ ಮುಟ್ಟುತ್ತದೆ ಎಂದರು. ಕನ್ನಡದಲ್ಲಿ ಓದಿ ಬಂದ ಗುಗ್ಗುಗಳಿಗೆ ಇದು ತಿಳಿಯುವುದಿಲ್ಲ ಎಂದು ಗೊಣಗಿ, ಕನ್ನಡದಲ್ಲಿ ಇದಕ್ಕೆ ‘ಗ್ರಾಹಕ’ ಅನ್ನುತ್ತಾರೆ ಎಂದು ದೊಡ್ಡದಾಗಿ ಬರೆದರು. ಆಮೇಲೆ ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. ಗ್ರಾಹಕ ಎಂದರೇನು ಹೇಳು.

ಗ್ರಾಹಕ ಎಂಬ ಪದ ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಓದುತ್ತ ಬಂದಿದ್ದೆ. ಅಬ್ಬಾನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೆಂಪು ಅಕ್ಷರದ ಹಲಗೆ ತೂಗುಹಾಕಿತ್ತು, ‘ಗ್ರಾಹಕರೇ ದೇವರು’ ಎಂದು. ನಾನು ಧೈರ್ಯವಾಗಿಯೇ ಹೇಳಿದೆ.

“ಗ್ರಾಹಕ ಅಂದ್ರ ಗಿರಾಕಿ ರೀ.”

ಇಡೀ ತರಗತಿ ಗೊಳ್ಳೆಂದಿತು. ಸರ್ ನಗಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲೆ ನಿಧಾನ ಇಟ್ಟು, ಬೆರಳು ಒರೆಸಿಕೊಂಡು, ಜೀವಕೋಶದ ಮೇಲೆ ಗಿರಾಕಿ ಕುಂತಿರ್ತಾರೇನು, ಏನು ಕೊಂಡುಕೊಳ್ಳಾಕ, ಪಾವ ಕಿಲೋ ಖಾರಾನೋ ಎಂದು ಕೇಳಿದರು. ಸವಣೂರಿನ ಬಜಾರಿಗೆ ಹೋಗಿ ಗಿರಾಕಿಗಳನ್ನು ಕೂಗು, ಇಲ್ಲಿ ಯಾರ ಜಾಗ ಹಿಡಿದು ಕುಂತಿದ್ದೀ ಎಂದರು. ಆ ದಿನದಿಂದ ನನ್ನ ಹೆಸರು ಹಾಜರಿಯಲ್ಲಿ ಮಾತ್ರ ಉಳಿಯಿತು. ‘ಗಿರಾಕಿ ಬಂತೇನು’, ‘ಗಿರಾಕಿ, ಕಿಡಕಿ ಹಾಕು’. ನಮ್ಮ ಕಡೆ ಗಿರಾಕಿ ಎಂದರೆ ಕೊಳ್ಳಲು ಬಂದವನು ಮಾತ್ರವಲ್ಲ, ನಂಬಲಿಕ್ಕಾಗದ ಆಸಾಮಿ ಎಂಬ ಅರ್ಥವೂ ಇದೆ. ಅವರು ಎರಡನೆಯದನ್ನು ಒತ್ತಿ ಒತ್ತಿ ಆಡುತ್ತಿದ್ದರು.

ಆ ದಿನ ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಆಗ ಪಕ್ಕದಲ್ಲಿ ಬೆಂಡಿಗೇರಿಯ ಹುಡುಗಿ ಎದ್ದಳು. ಅವಳಿಗೆ ಜಗಳಾಡುವ ಮನಸ್ಸಿರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅವಳ ಮುಖದಲ್ಲಿ ಊಟದ ಹೊತ್ತಿನ ಅದೇ ಹಲ್ಲಿಯ ಬಾಲದ ಕುತೂಹಲ ಇತ್ತು. ಗಿರಾಕಿ ಎಂಬ ಮಾತೇ ಅವಳಿಗೆ ಏನೋ ಹೊಳೆಸಿತ್ತು.

“ಸರ, ನೀವು ಮೊದಲನೇ ದಿನ ಥೈಮಸ್ ಹೇಳಿದ್ರಲ್ರಿ. ಅಲ್ಲಿ ಮರಿಕೋಶ ಇನ್ನಾ ಕಲಿಯಾಕತ್ತಿರ್ತೈತಿ. ಕಲಿಯೂ ಮುಂದನ ಎಲ್ಲಾ ಗ್ರಾಹಕ ಮ್ಯಾಲ ಇಟ್ಟಿರ್ತೈತೇನ್ರಿ, ಇಲ್ಲಾ ಒಂದೀಟ ಹೊರಗಿಟ್ಟು ಉಳಿದದ್ದು ಒಳಗ ಇಟ್ಕೊಂಡಿರ್ತೈತೇನ್ರಿ? ಎಲ್ಲಾ ಹೊರಗಿಟ್ರ ಬಿಗಿಯಾಗಿ ಹಿಡಕೊಂಡು, ಕಲಿಯೂದ್ರಾಗ ಸತ್ತ ಹೋಗ್ತೈತಲ್ರಿ?”

ಸರ್ ಕಪ್ಪು ಹಲಗೆಯ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ. ಆಮೇಲೆ ಬಂತು ಸಿಟ್ಟು. ಗೆಳತಿಯ ಪರ ವಕೀಲಿಕೆಗೆ ನಿಂತೆಯಾ, ನನ್ನನ್ನೇ ಪರೀಕ್ಷೆ ಮಾಡುವಷ್ಟು ದೊಡ್ಡವಳಾದೆಯಾ, ಸಿಮೆಂಟು ಕಲಸುವವರ ಮಗಳಿಗೆ ಥೈಮಸ್ ಬೇರೆ ಕೇಡು ಎಂದರು. ಕೊನೆಯ ಮಾತನ್ನು ಕೇಳಿ ಹಿಂದಿನ ಬೆಂಚಿನ ಹುಡುಗರು ಕೂಡ ನಗಲಿಲ್ಲ. ಅವಳನ್ನು ಹೊರಗೆ ಹಾಕಿದರು. ಅಪ್ಪನನ್ನು ಕರೆದುಕೊಂಡು ಬರುವವರೆಗೆ ತರಗತಿಗೂ ಇಲ್ಲ, ಪ್ರಯೋಗಾಲಯಕ್ಕೂ ಇಲ್ಲ.

ಅಪ್ಪ ಬಂದ. ಕೆಲಸ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದುಕೊಂಡು ಸಿಬ್ಬಂದಿ ಕೋಣೆಯ ಬಾಗಿಲ ಹೊರಗೆ ನಿಂತ. ಅವಳ ಜೊತೆ ನಾನೂ ಇದ್ದೆ. ಸರ್ ಒಳಗೆ ಕರೆಯಲಿಲ್ಲ, ಕೂರಿ ಅನ್ನಲಿಲ್ಲ. ಕುರ್ಚಿಯಲ್ಲಿ ಕುಳಿತೇ ಹೇಳಿದರು. ಇವಳಿಗೆ ವಿಜ್ಞಾನ ಒಗ್ಗುವುದಿಲ್ಲ, ಆರ್ಟ್ಸಿಗೆ ಹಾಕು, ಅಲ್ಲಿ ಬೇಕಾದಷ್ಟು ಬಾಯಿ ಬಡಿದುಕೊಳ್ಳಲಿ.

“ತಪ್ಪೇನ ಮಾಡ್ಯಾಳ್ರಿ ಸಾಹೇಬ್ರ?” ಎಂದು ಆತ ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ.

“ಕೇಳಬಾರದ್ದು ಕೇಳ್ತಾಳ,” ಎಂದರು ಸರ್.

ಹೆಣ್ಣುಮಗಳ ಬಗ್ಗೆ ಕಾಲೇಜಿನ ಮಾಸ್ತರ ಹಾಗೆಂದರೆ ಹಳ್ಳಿಯ ತಂದೆಯ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾಷೆಯಲ್ಲಿ ಅವರು ಚುರುಕು. ಆತ ಮಗಳ ಮುಖ ನೋಡಿದ, ಅವಳು ನೆಲ ನೋಡಿದಳು. ಏನು ಕೇಳಿದಳು ಎಂದು ನಾನು ಆ ಮನುಷ್ಯನಿಗೆ ಬಸ್‌ಸ್ಟ್ಯಾಂಡಿನವರೆಗೂ ವಿವರಿಸಿ ವಿವರಿಸಿ ಹೇಳಿದೆ. ಎಳೆಯ ಕೋಶ, ಗ್ರಾಹಕ, ಒಳಗೆ, ಹೊರಗೆ... ಆತ ಹೂಂ ಹೂಂ ಎನ್ನುತ್ತ ನಡೆದ. ಬಸ್ಸು ಬಂದಾಗ, ದೊಡ್ಡವರು ಸುಮ್ಮಸುಮ್ಮನೆ ಹಾಗೆ ಅನ್ನುವುದಿಲ್ಲವಲ್ಲ ಮಗಳೇ ಎಂದಷ್ಟೇ ಹೇಳಿದ.

ಅವಳು ಮತ್ತೆ ಬರಲಿಲ್ಲ. ಆರ್ಟ್ಸಿಗೂ ಇಲ್ಲ. ನರ್ಸ್ ಆಗದಿದ್ದ ಮೇಲೆ ಬಸ್ಸಿಗೆ ಹಾಕಿ ಕಳಿಸುವುದು ಯಾಕೆ ಎಂದು ಮನೆಯಲ್ಲಿ ಮಾತಾಯಿತಂತೆ. ನಾನು ಪ್ರಾಂಶುಪಾಲರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಚಹಾ ಕುಡಿಯುತ್ತಿದ್ದರು. ಸರ್ ದೊಡ್ಡ ವಿದ್ವಾಂಸರು, ಮಾತು ಒರಟು, ಮನಸ್ಸು ಬೆಣ್ಣೆ, ನೀನು ನಿನ್ನ ಓದು ನೋಡಿಕೋ ಎಂದರು. ಎರಡನೆಯ ವರ್ಷ ನಾವು ಪರೀಕ್ಷೆಗೆ ಓದುತ್ತಿದ್ದಾಗ ಅವಳ ಮದುವೆ ಆಡೂರಿಗೆ ಆಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದೆಂದರೆ ಇದೇ. ಒಂದು ಪ್ರಶ್ನೆಗೆ ಒಂದು ಬದುಕು.

ನಾನು ಉಳಿದೆ. ಹಟಕ್ಕೆ ಉಳಿದೆ. ಅವರ ‘ಗಿರಾಕಿ’ಯನ್ನು ಕಿವಿಗೆ ಹಾಕಿಕೊಳ್ಳದೆ ಕೊನೆಯ ದಿನದವರೆಗೂ ಮುಂದಿನ ಬೆಂಚಿನಲ್ಲೇ ಕೂತೆ, ಪಕ್ಕದ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡು. ಅಲ್ಲಿ ಬೇರೆ ಯಾರನ್ನೂ ಕೂರಗೊಡಲಿಲ್ಲ. ಅಬ್ಬಾ ಒಂದು ಮಾತೂ ಕೇಳದೆ ಧಾರವಾಡಕ್ಕೆ ಕಳಿಸಿದ.

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಒಂದು ಮಧ್ಯಾಹ್ನ ಅವಳ ಪ್ರಶ್ನೆಗೆ ಉತ್ತರ ಎದುರಿಗೆ ಬಂದು ನಿಂತಿತು. ನಾನು ಹುಡುಕುತ್ತಿರಲಿಲ್ಲ, ಬೇರೇನೋ ಓದುತ್ತಿದ್ದೆ. ಎಳೆಯ ಟಿ-ಕೋಶ ಗ್ರಾಹಕಗಳನ್ನು ತಯಾರಿಸುತ್ತಲೇ ಇರುತ್ತದೆ, ಆದರೆ ಬಹುಪಾಲನ್ನು ಹೊರಗೆ ಬರಗೊಡುವುದಿಲ್ಲ. ಒಳಗೇ ತಡೆದು ಒಳಗೇ ಮುರಿದುಹಾಕುತ್ತದೆ. ಮೇಲ್ಮೈಗೆ ಬಂದವನ್ನೂ ಮತ್ತೆ ಒಳಗೆಳೆದುಕೊಳ್ಳುತ್ತದೆ. ಕಲಿಯುವ ಕಾಲದಲ್ಲಿ ಅದರ ಮೈಮೇಲೆ ಇರುವ ಗ್ರಾಹಕಗಳು ಕೆಲವೇ ಕೆಲವು. ಥೈಮಸ್ಸು ತೋರಿಸುವ ಚೂರನ್ನು ಆ ಕೆಲವೇ ಗ್ರಾಹಕಗಳಿಂದ ಹದವಾಗಿ ಮುಟ್ಟಿ, ಸರಿ ಎಂಬ ಸೂಚನೆ ಸಿಕ್ಕಿದ ಮೇಲೆ ಮುರಿಯುವ ಕೆಲಸ ನಿಲ್ಲುತ್ತದೆ. ಆಗ ಗ್ರಾಹಕಗಳು ಮೈತುಂಬ ಮೇಲೇಳುತ್ತವೆ. ಬೆಂಡಿಗೇರಿಯ ಹುಡುಗಿ ಹೇಳಿದ್ದು ಇದನ್ನೇ. ಒಂದೀಟ ಹೊರಗಿಟ್ಟು ಉಳಿದದ್ದು ಒಳಗೆ.

ಅದರ ಕೆಳಗೇ ಇನ್ನೊಂದು ಸಂಗತಿ ಇತ್ತು. ಮಜ್ಜೆಯಲ್ಲೇ ಬೆಳೆಯುವ ಬಿ-ಕೋಶಗಳೆಂಬ ಇನ್ನೊಂದು ಜಾತಿ ಇದೆ. ಅವುಗಳಲ್ಲಿ ಒಂದರ ಗ್ರಾಹಕ ದೇಹಕ್ಕೆ ಅಪಾಯಕಾರಿ ಎಂದು ಕಂಡರೆ ಅದನ್ನು ಕೂಡಲೇ ಕೊಲ್ಲುವುದಿಲ್ಲ. ಕೋಶ ಆ ಗ್ರಾಹಕವನ್ನು ಒಳಗೆಳೆದುಕೊಂಡು, ಬದಲಿಸಿ, ಹೊಸದನ್ನು ಮೇಲಿಟ್ಟು ಮತ್ತೊಮ್ಮೆ ಪರೀಕ್ಷೆಗೆ ನಿಲ್ಲಬಹುದು. ರಕ್ತಮಾಂಸದ ದೇಹಕ್ಕೆ ಇಷ್ಟು ತಾಳ್ಮೆ ಇದೆ. ಇದು ಥೈಮಸ್ ಎಂದು ಎದೆ ತಟ್ಟಿಕೊಂಡ ಮನುಷ್ಯ ಪಾಠದಲ್ಲಿ ಸಾಯಿಸುವ ಅರ್ಧವನ್ನಷ್ಟೇ ಇಟ್ಟುಕೊಂಡಿದ್ದರು. ಮೈ ಉರಿದುಹೋಯಿತು. ಇನ್ನೂ ಒಂದು ಮಾತು. ಗ್ರಾಹಕ ಎಂದರೆ ಹಿಡಿಯುವುದು, ತೆಗೆದುಕೊಳ್ಳುವುದು. ಗಿರಾಕಿ ಅದರ ಮನೆಯ ಕೂಸೇ. ಥೈಮಸ್ಸು ಸರಕು ಎತ್ತಿ ತೋರಿಸುತ್ತದೆ, ಕೋಶ ರುಚಿ ನೋಡಿ ಬಿಡುತ್ತದೆ. ಅಬ್ಬಾನ ಅಂಗಡಿಯ ಮುಂದೆ ಚಿಟಿಕೆ ಖಾರ ಬಾಯಿಗೆ ಹಾಕಿಕೊಂಡು ನೋಡುವವರೂ ಅದನ್ನೇ ಮಾಡುತ್ತಿದ್ದರು. ನನ್ನ ಉತ್ತರ ಅಷ್ಟೇನೂ ದಡ್ಡತನದ್ದಲ್ಲ.

ಮುಂದೆ ಹಲವು ವರ್ಷದ ಮೇಲೆ ಸವಣೂರಿನಲ್ಲಿ, ನಮ್ಮ ಜೊತೆ ಓದಿದವನ ತಂಗಿಯ ಮದುವೆಯಲ್ಲಿ ಸರ್ ಸಿಕ್ಕರು. ನಿವೃತ್ತರಾಗಿದ್ದರು, ಬೆನ್ನು ಬಾಗಿತ್ತು, ಅಂಗಿ ಮಾತ್ರ ಅದೇ ಬಿಳುಪು. ಊಟದ ಪಂಕ್ತಿಯಲ್ಲಿ ನನ್ನನ್ನು ಕಂಡವರೇ ಅಕ್ಕಪಕ್ಕದವರಿಗೆ ಕೇಳುವಂತೆ, ಈಕೆ ನನ್ನ ಶಿಷ್ಯೆ, ಆಗ ನಾನು ಬೈದು ಬೈದು ರೊಚ್ಚಿಗೆಬ್ಬಿಸಿದ್ದಕ್ಕೆ ಇವತ್ತು ಲೆಕ್ಚರರ್ ಆಗಿದ್ದಾಳೆ ಎಂದರು. ನನ್ನ ಬದುಕಿನ ಲಾಭಕ್ಕೂ ಅವರೇ ಮಾಲೀಕರು. ಅಕ್ಕಪಕ್ಕದವರು ಮೆಚ್ಚಿ ತಲೆದೂಗಿದರು. ನಾನು ಎಲೆಯ ಮುಂದಿನಿಂದ ಏಳಲಿಲ್ಲ. ಹಿರೇಬೆಂಡಿಗೇರಿಯ ಹುಡುಗಿ ಒಂದು ಪ್ರಶ್ನೆ ಕೇಳಿದ್ದಳಲ್ಲ, ನೆನಪಿದೆಯೇ ಎಂದು ಕೇಳಿದೆ. ಮರೆತಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡುತ್ತಿದ್ದೆನೇನೋ. ಅವರಿಗೆ ಎಲ್ಲ ನೆನಪಿತ್ತು.

“ನೆನಪಿಲ್ದ ಏನ. ಅದಕ್ಕ ಉತ್ತರ ನನಗ ಗೊತ್ತಿದ್ದಿಲ್ಲ. ನಮ್ಮ ಪುಸ್ತಕದಾಗೂ ಇದ್ದಿದ್ದಿಲ್ಲ. ಅಷ್ಟ ಮಂದಿ ಮುಂದ ಗೊತ್ತಿಲ್ಲ ಅಂತ ಹೆಂಗ ಹೇಳ್ಲಿ ಹೇಳವಾ?”

ನಗುತ್ತಲೇ ಹೇಳಿದರು. ಆಮೇಲೆ ತಾವಾಗಿಯೇ ಮುಂದುವರಿಸಿದರು. ತಲೆಯಲ್ಲಿ ಹುಳ ಬಿಟ್ಟಂತಾಗಿ ಧಾರವಾಡಕ್ಕೆ ಹೋದಾಗ ಹಳೆಯ ಗೆಳೆಯರ ಹತ್ತಿರ ಕೇಳಿ, ಹುಡುಕಿ ಓದಿದರಂತೆ. ಅವಳು ಹೇಳಿದ್ದೇ ಸರಿಯಿತ್ತಂತೆ. ಯಾವಾಗ ಓದಿದಿರಿ ಎಂದು ಕೇಳಿದೆ. ಅದೇ ವರ್ಷ, ಸಂಕ್ರಾಂತಿಯ ಹೊತ್ತಿಗೆ ಎಂದರು. ಸಂಕ್ರಾಂತಿಗೆ ಅವಳು ಇನ್ನೂ ಹಿರೇಬೆಂಡಿಗೇರಿಯಲ್ಲಿ ತನ್ನ ಮನೆಯಲ್ಲೇ ಇದ್ದಳು. ಮದುವೆಯ ಮಾತೂ ಎದ್ದಿರಲಿಲ್ಲ. ಒಂದು ಮಾತು ಹೇಳಿಕಳಿಸಿದ್ದರೆ ಅವಳಪ್ಪ ಆ ಟೋಪಿಯನ್ನು ಮತ್ತೆ ಕೈಯಲ್ಲಿ ಹಿಡಿದುಕೊಂಡು ಓಡಿ ಬರುತ್ತಿದ್ದ.

“ಆಕೀನ ಕರಸಬೇಕಿತ್ತಲ್ರಿ ಸರ್,” ಎಂದೆ.

“ಒಮ್ಮೆ ಹೊರಗ ಹಾಕಿದ ಮ್ಯಾಲ ಹೆಂಗ ಕರೀಲಿ?” ಎಂದರು. ಬಡಿಸುವವನನ್ನು ಕರೆದು ಇನ್ನಷ್ಟು ಗೋಧಿ ಹುಗ್ಗಿ ಹಾಕಿಸಿಕೊಂಡರು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಇವರು ಮೀಸೆ ಉಳಿಸಿಕೊಳ್ಳಲು ಇನ್ನೊಬ್ಬಳನ್ನು ಮಣ್ಣಿಗೆ ಕೆಡವಿದವರು. ಅಲ್ಲಿಯವರೆಗೆ ನನಗೆ ಅವರ ಮೇಲೆ ಇದ್ದದ್ದು ಸಿಟ್ಟು. ಆ ಊಟದ ಎಲೆಯ ಮುಂದೆ ಅದು ದ್ವೇಷವಾಯಿತು. ಅವರು ಸತ್ತರೆಂದು ಅದನ್ನು ಇಳಿಸಿಕೊಳ್ಳುವ ಇರಾದೆ ನನಗಿಲ್ಲ.

ಮೊನ್ನೆಯ ಸಭೆಗೆ ಬನ್ನಿ. ಕಾಲೇಜಿನ ಸಭಾಂಗಣ ತುಂಬಿತ್ತು. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತಂತೆ ಎನ್ನುವ ಹಾಗೆ ಒಬ್ಬೊಬ್ಬರೂ ಎದ್ದು ಕೊಡಗಟ್ಟಲೆ ಸುರಿದರು. ಅವರ ಬೈಗುಳವೇ ಆಶೀರ್ವಾದವಂತೆ. ಅವರಿಂದ ಪೆಟ್ಟು ತಿಂದವರೆಲ್ಲ ಉದ್ಧಾರವಾದರಂತೆ. ನಾನು ಸಭೆಯ ಮೇಲೆ ಕಣ್ಣಾಡಿಸಿದೆ. ಉದ್ಧಾರವಾದವರು ಮಾತ್ರ ಅಲ್ಲಿದ್ದರು. ಉಳಿದವರಿಗೆ ಆಮಂತ್ರಣ ಹೋಗಿರಲಿಲ್ಲ, ಅವರ ಹೆಸರು ಯಾರಿಗೂ ನೆನಪಿರಲಿಲ್ಲ.

ನನ್ನ ಸರದಿ ಬಂದಾಗ ಅವರು ಚಿತ್ರ ಚೆಂದ ಬಿಡಿಸುತ್ತಿದ್ದರು ಎಂದು ಹೇಳಿದೆ. ಆಮೇಲೆ ಅವಳ ಪ್ರಶ್ನೆ ಹೇಳಿದೆ, ಅದಕ್ಕೆ ಉತ್ತರ ಹೇಳಿದೆ, ಆ ಉತ್ತರ ತಿಳಿದ ಮೇಲೂ ಸರ್ ಅವಳನ್ನು ಕರೆಯಲಿಲ್ಲ ಎಂದು ಹೇಳಿದೆ. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಸಭೆ ನಡೆಸುತ್ತಿದ್ದವನು ಮೈಕಿನ ಹತ್ತಿರ ಬಂದು, ಸತ್ತವರ ಬಗ್ಗೆ ಇಂಥದ್ದು ಬೇಡ ಮೇಡಂ ಎಂದು ಮೆಲ್ಲಗೆ ಅಂದ. ಸತ್ತವರ ಬಗ್ಗೆ ಅಲ್ಲ, ಇನ್ನೂ ಬದುಕಿರುವವಳ ಬಗ್ಗೆ ಹೇಳುತ್ತಿದ್ದೇನೆ ಎಂದು ಮಾತು ಮುಗಿಸಿ ಕೆಳಗಿಳಿದೆ. ಎಲ್ಲರೂ ಎದ್ದು ಮೌನ ಆಚರಿಸುವಾಗ ನಾನು ಬಸ್‌ಸ್ಟ್ಯಾಂಡಿನ ಹಾದಿಯಲ್ಲಿದ್ದೆ.

ಹಾನಗಲ್ಲಿಗೆ ಹೋಗಿ ಅಲ್ಲಿಂದ ಅವಳ ಗಂಡನ ಊರಾದ ಆಡೂರಿನ ಬಸ್ಸು ಹಿಡಿದೆ. ಮದುವೆಯಾದ ಮೇಲೆ ಅವಳನ್ನು ನಾನು ಅಲ್ಲಿ ಇಲ್ಲಿ ಕಂಡಿದ್ದೆ, ಜಾತ್ರೆಯ ನೂಕುನುಗ್ಗಲಿನಲ್ಲಿ, ಸಂತೆಯಲ್ಲಿ, ಎರಡು ಮಾತಿನ ಹೊತ್ತಷ್ಟೆ. ಕುಳಿತು ಮಾತಾಡಿರಲಿಲ್ಲ. ಮದುವೆಮನೆಯಲ್ಲಿ ಸರ್ ಹೇಳಿದ್ದನ್ನು ಇವಳಿಗೆ ಮುಟ್ಟಿಸಬೇಕು ಎಂದು ಅಂದುಕೊಂಡದ್ದು ಹಾಗೇ ಉಳಿದಿತ್ತು. ಇವತ್ತು ಹೇಳಿಯೇ ಬಿಡಬೇಕು. ನೀನು ಹೇಳಿದ್ದೇ ಸರಿ, ಅವರೇ ಒಪ್ಪಿಕೊಂಡರು. ಬಸ್ಸಿನಲ್ಲಿ ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೋದೆ.

ಅವಳ ಮನೆ ಚೆನ್ನಾಗಿದೆ. ಗಂಡ ಒಳ್ಳೆಯವನು, ಹೊಲ ಇದೆ, ಅಂಗಳದಲ್ಲಿ ಎರಡು ಎಮ್ಮೆ. ನನ್ನನ್ನು ಕಂಡು ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು, ಬಾರಲೇ, ದಾರಿ ತಪ್ಪಿ ಬಂದ್ಯಾ ಎಂದು ಬೈದಳು. ಮೈ ತುಂಬಿಕೊಂಡಿತ್ತು, ನಗು ಹಾಗೇ ಇತ್ತು. ಹತ್ತನೆಯ ತರಗತಿಯ ಮಗಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಚಹಾ ಆಯಿತು, ಅವಲಕ್ಕಿ ಆಯಿತು. ಸರ್ ಹೋದರು ಎಂದೆ. “ಹೌದಾ? ಪಾಪ,” ಎಂದಳು, ಯಾವುದೋ ದೂರದ ಊರಿನ ಸುದ್ದಿ ಕೇಳಿದ ಹಾಗೆ. ಆ ಪಾಪ ಎಂಬ ಮಾತು ನನಗೆ ನುಂಗಲಾಗಲಿಲ್ಲ.

ನಾನು ಶುರುಮಾಡಿದೆ. ಎಳೆಯ ಕೋಶ ಗ್ರಾಹಕಗಳನ್ನು ಒಳಗೇ ಇಟ್ಟುಕೊಳ್ಳುವುದು, ಸೂಚನೆ ಸಿಕ್ಕಿದ ಮೇಲೆ ಹೊರಗೆ ತರುವುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ನೀನು ಆ ದಿನ ಕೇಳಿದ ಪ್ರಶ್ನೆಗೆ ಇದೇ ಉತ್ತರ, ಸರ್ ಓದಿ ನೋಡಿದ್ದರು, ನೀನು ಊಹಿಸಿದ್ದೇ ಸರಿ ಎಂದೆ. ಮಗಳು ಪುಸ್ತಕ ಕೆಳಗಿಟ್ಟು ಅವ್ವನನ್ನೇ ನೋಡತೊಡಗಿದಳು. “ಅವ್ವಾ, ನೀ ಸೈನ್ಸ್ ಇದ್ದಿ?” ಎಂದು ಕೇಳಿದಳು. ಇವಳು ಮಗಳಿಗೆ ಹೇಳಿಯೇ ಇರಲಿಲ್ಲ.

“ಸ್ವಲ್ಪ ದಿನ ಇದ್ದೆ. ನನಗ ಒಗ್ಗಲಿಲ್ಲ, ಬಿಟ್ಟೆ,” ಎಂದಳು ಮಗಳಿಗೆ. ಆಮೇಲೆ ನನ್ನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು. ಸರ್ ಬೈದದ್ದು ಅವಳಿಗೆ ನೆನಪಿತ್ತು. ಸಿಮೆಂಟಿನ ಮಾತು ನೆನಪಿತ್ತು. ಅಪ್ಪ ಬಾಗಿಲಲ್ಲಿ ನಿಂತದ್ದು ನೆನಪಿತ್ತು. ಪ್ರಶ್ನೆ ಮಾತ್ರ...

“ಇಷ್ಟ ಶಾಣ್ಯಾ ಪ್ರಶ್ನಿ ನಾ ಎಲ್ಲಿ ಕೇಳ್ಲೇ. ನೀನ ಕೇಳಿರಬೇಕ ಬಿಡ. ನೀ ಮೊದಲಿಂದ ಶಾಣ್ಯಾಕಿ.”

ನೀನೇ ಕೇಳಿದ್ದು ಎಂದೆ. ಮತ್ತೆ ಮತ್ತೆ ಹೇಳಿದೆ. ಅವಳು ನಕ್ಕಳು, ನಂಬಲಿಲ್ಲ.